ಬಣ್ಣ ಹೋದರೆ ಸಾಲದು: ಕಟ್ಟಿಹಾಕಿದ ಕಿಣ್ವದಿಂದ ವಿಷದ ನೀರು ಶುದ್ಧ ಮಾಡುವ ಕ್ರಮ

ಮುಂಬೈ ಬಳಿಯ ಡೊಂಬಿವಲಿ, ಅಂಬರನಾಥ, ತಳೋಜಾ ಕಡೆಯ ಡೈಯಿಂಗ್ ಮತ್ತು ಕೆಮಿಕಲ್ ಘಟಕಗಳಲ್ಲಿ ನಮ್ಮ ಕನ್ನಡದವರು ತುಂಬಾ ಜನ ಇದ್ದಾರೆ. ಕೆಲವರು ಲ್ಯಾಬ್ ಕೆಮಿಸ್ಟ್, ಕೆಲವರು ಇಟಿಪಿ (ಕಾರ್ಖಾನೆಯ ಕೊಳೆನೀರು ಶುದ್ಧ ಮಾಡುವ ಘಟಕ) ಆಪರೇಟರ್, ಕೆಲವರು ಶಿಫ್ಟ್ ಸೂಪರ್‌ವೈಸರ್. ಅವರ ಮಕ್ಕಳು ಬಿಎಸ್ಸಿ, ಬಯೋಟೆಕ್, ಡಿಪ್ಲೊಮಾ ಅಂತ ಓದುತ್ತಾರೆ. ಪ್ರಾಜೆಕ್ಟ್ ಹೊತ್ತು ಬಂದಾಗ ಬಹಳ ಮಂದಿ ಇದೇ ವಿಷಯ ಹಿಡಿದು ಬರುತ್ತಾರೆ: ಕಿಣ್ವ ಬಳಸಿ ಬಣ್ಣದ ನೀರು, ಫೀನಾಲ್, ಕೀಟನಾಶಕದ ಉಳಿಕೆ ಒಡೆಯುವುದು ಹೇಗೆ? ಇಂಗ್ಲಿಷ್ ಪೇಪರುಗಳಲ್ಲಿ ಎಲ್ಲ ಇದೆ, ಆದರೆ ಬೆಂಚಿನ ಮುಂದೆ ನಿಂತಾಗ ಬೇಕಾಗುವ ಸಣ್ಣ ಸಣ್ಣ ಸಂಗತಿ ಅದರಲ್ಲಿ ಸಿಗುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀರು ತಿಳಿಯಾದ ಮಾತ್ರಕ್ಕೆ ವಿಷ ಹೋಯಿತು ಅಂತ ಅಲ್ಲ. ಬಣ್ಣ ಕಿಣ್ವ ತುಂಬಿದ ಮಣಿಯೊಳಗೆ ಹೋಗಿ ಕೂತಿರಬಹುದು. ಇಲ್ಲವೇ ಕಣ್ಣಿಗೆ ಕಾಣದ ಇನ್ನೊಂದು ವಿಷವಾಗಿ ಮಾರ್ಪಟ್ಟಿರಬಹುದು. ಕೆಳಗಿನ ಹಂತಗಳಲ್ಲಿ ಅರ್ಧದಷ್ಟು ಈ ಎರಡು ಅನುಮಾನ ಪರಿಹರಿಸುವುದಕ್ಕೇ ಇವೆ. ಅವನ್ನು ಬಿಟ್ಟು ಮಣಿ ಮಾತ್ರ ಮಾಡಿದರೆ ಫೋಟೊ ಚೆನ್ನಾಗಿ ಬರುತ್ತದೆ, ಕೆಲಸ ಆಗಿರುವುದಿಲ್ಲ.

ಕಿಣ್ವವನ್ನು ಯಾಕೆ ಕಟ್ಟಿಹಾಕಬೇಕು?

ಕಿಣ್ವ (ಎಂಜೈಮ್) ಅಂದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಪ್ರೋಟೀನು. ನೀರಿಗೆ ಹಾಗೇ ಸುರಿದರೆ ಒಂದು ಸಲ ಕೆಲಸ ಮಾಡಿ ನೀರಿನ ಜೊತೆ ಹರಿದು ಹೋಗುತ್ತದೆ. ಬೆಲೆ ಜಾಸ್ತಿ, ಹೀಗಾಗಿ ಪ್ರತಿ ಬ್ಯಾಚಿಗೂ ಹೊಸದು ಹಾಕುವುದು ಯಾವ ಕಾರ್ಖಾನೆಗೂ ಗಿಟ್ಟುವುದಿಲ್ಲ. ಅದನ್ನು ಒಂದು ಘನವಸ್ತುವಿನೊಳಗೆ ಅಥವಾ ಮೇಲೆ ಹಿಡಿದಿಟ್ಟರೆ ನೀರು ಹೋಗುತ್ತದೆ, ಕಿಣ್ವ ಉಳಿಯುತ್ತದೆ. ಮತ್ತೆ ಬಳಸಬಹುದು. ಎಷ್ಟೋ ಸಲ ಬಿಸಿ, ಪಿಎಚ್ (ಹುಳಿ-ಕ್ಷಾರದ ಅಳತೆ) ಏರುಪೇರನ್ನೂ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದೆ.

ಇದು ಹೊಸ ವಿದ್ಯೆ ಏನಲ್ಲ. 1916ರಲ್ಲೇ ನೆಲ್ಸನ್ ಮತ್ತು ಗ್ರಿಫಿನ್ ಎಂಬಿಬ್ಬರು ಇನ್ವರ್ಟೇಸ್ ಕಿಣ್ವ ಇದ್ದಿಲಿಗೆ ಅಂಟಿಕೊಂಡ ಮೇಲೂ ಸಕ್ಕರೆ ಒಡೆಯುತ್ತದೆ ಅಂತ ತೋರಿಸಿದ್ದರು. 1969ರಲ್ಲಿ ಜಪಾನಿನ ತನಾಬೆ ಸೆಯಾಕು ಕಂಪನಿ ಅಮೈನೋ ಆಮ್ಲ ತಯಾರಿಸಲು ಇದನ್ನು ಕಾರ್ಖಾನೆ ಮಟ್ಟಕ್ಕೆ ತಂದಿತು. ಪುಣೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಪೆನ್ಸಿಲಿನ್-ಜಿ ಒಡೆದು 6-ಎಪಿಎ ಎಂಬ ಔಷಧದ ಕಚ್ಚಾವಸ್ತು ಮಾಡುವ ಪೆನ್ಸಿಲಿನ್ ಅಸೈಲೇಸ್ ಕಿಣ್ವವನ್ನು ಹೀಗೇ ಹಿಡಿದಿಟ್ಟು ಬ್ಯಾಚ್ ಮೇಲೆ ಬ್ಯಾಚ್ ಬಳಸುತ್ತಾರೆ, ಆ ಕಿಣ್ವದ ಬಗ್ಗೆ ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಎನ್‌ಸಿಎಲ್‌ನಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ.

ಔಷಧ ಕಾರ್ಖಾನೆಯ ಒಳಗೆ ಎಲ್ಲ ಹದವಾಗಿರುತ್ತದೆ: ಶುದ್ಧ ನೀರು, ಗೊತ್ತಿರುವ ಪಿಎಚ್, ಒಂದೇ ಕಚ್ಚಾವಸ್ತು. ಎಫ್ಲುಯೆಂಟ್, ಅಂದರೆ ಕಾರ್ಖಾನೆಯಿಂದ ಹೊರಬರುವ ಕೊಳೆನೀರು, ಹಾಗಲ್ಲ. ಉಪ್ಪು, ಸೋಪು, ಎಣ್ಣೆ, ಬಿಸಿ, ಬೆಳಿಗ್ಗೆ ಒಂದು ಬಣ್ಣ ಸಂಜೆ ಇನ್ನೊಂದು. ತೊಂದರೆಯೆಲ್ಲ ಇರುವುದು ಅಲ್ಲೇ.

ಹಂತ 1: ವಿಷ ಯಾವುದು ಅಂತ ಹೆಸರು ಹಿಡಿದು ಹೇಳಿ

"ಟಾಕ್ಸಿಕ್ ಕೆಮಿಕಲ್ ತೆಗೀಬೇಕು" ಅಂದರೆ ಸಾಲದು. ಒಂದೊಂದು ಕಿಣ್ವಕ್ಕೆ ಒಂದೊಂದು ಜಾತಿಯ ಬಂಧ ಮಾತ್ರ ಮುರಿಯಲು ಬರುತ್ತದೆ.

ಬಣ್ಣ, ಫೀನಾಲ್ ಜಾತಿಯ ವಸ್ತುಗಳಿಗೆ ಲ್ಯಾಕೇಸ್. ಇದು ಮರ ಕೊಳೆಸುವ ಬಿಳಿ ಕೊಳೆ ಶಿಲೀಂಧ್ರಗಳಲ್ಲಿ ಇರುತ್ತದೆ, ಒಳಗೆ ತಾಮ್ರದ ಪರಮಾಣುಗಳಿವೆ. ಗಾಳಿಯ ಆಮ್ಲಜನಕ ಬಳಸಿ ಕೆಲಸ ಮಾಡುತ್ತದೆ, ಆ ಆಮ್ಲಜನಕ ಕೊನೆಗೆ ನೀರಾಗುತ್ತದೆ. ಬೇರೆ ರಾಸಾಯನಿಕ ಹಾಕಬೇಕಿಲ್ಲ ಅನ್ನುವುದೇ ಇದರ ದೊಡ್ಡ ಗುಣ. ಎರಡನೆಯದು ಪೆರಾಕ್ಸಿಡೇಸ್. ಇದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೇಕೇ ಬೇಕು. ಮೂರನೆಯದು ಆರ್ಗನೋಫಾಸ್ಫರಸ್ ಹೈಡ್ರೋಲೇಸ್, ಚಿಕ್ಕದಾಗಿ ಓಪಿಎಚ್. ಪ್ಯಾರಾಥಿಯಾನ್ ಜಾತಿಯ ಕೀಟನಾಶಕಗಳಿಗೆ ಇದು.

ಮೊದಲ ಸಲ ಮಾಡುವವರು ಲ್ಯಾಕೇಸ್ ಮತ್ತು ಬಣ್ಣದಿಂದ ಶುರು ಮಾಡಿ ಅನ್ನುವುದು ನನ್ನ ಸಲಹೆ. ಅಪಾಯ ಕಡಿಮೆ, ಕಲರಿಮೀಟರ್ ಇದ್ದರೆ ಅಳತೆಯೂ ಆಗುತ್ತದೆ. ಬಣ್ಣಕ್ಕೆ ರಿಆ್ಯಕ್ಟಿವ್ ಬ್ಲೂ 19 ತಗೊಳ್ಳಿ. ಇದು ಆಂಥ್ರಾಕ್ವಿನೋನ್ ಜಾತಿಯದು, ಲ್ಯಾಕೇಸ್ ಇದನ್ನು ನೇರವಾಗಿ ಹಿಡಿಯುತ್ತದೆ. ಅಜೋ ಬಣ್ಣಗಳಲ್ಲಿ ಬಹಳಷ್ಟಕ್ಕೆ ನಡುವೆ ಒಬ್ಬ ದಳ್ಳಾಳಿ ಬೇಕಾಗುತ್ತದೆ, ಅದಕ್ಕೆ ಮೀಡಿಯೇಟರ್ ಅನ್ನುತ್ತಾರೆ, ಸಿರಿಂಜಾಲ್ಡಿಹೈಡ್ ತರಹದ ಪದಾರ್ಥ. ಅದು ಖರ್ಚು, ಅದರದೇ ವಿಷದ ಲೆಕ್ಕವೂ ಬೇರೆ. ಮೊದಲೇ ಅದಕ್ಕೆ ಕೈ ಹಾಕಬೇಡಿ.

ಹಂತ 2: ಕಿಣ್ವ ಎಲ್ಲಿಂದ ತರುವುದು?

ಎರಡು ದಾರಿ. ಡೆನಿಮ್ ವಾಷಿಂಗ್‌ಗೆ ಮಾರುವ ಲ್ಯಾಕೇಸ್ ಪುಡಿ ಟೆಕ್ಸ್‌ಟೈಲ್ ಕೆಮಿಕಲ್ ಡೀಲರುಗಳ ಹತ್ತಿರ ಸಿಗುತ್ತದೆ. ಅದರಲ್ಲಿ ಬಫರ್ (ಪಿಎಚ್ ಬದಲಾಗದಂತೆ ಹಿಡಿಯುವ ಪದಾರ್ಥ), ಕೆಲವೊಮ್ಮೆ ಮೀಡಿಯೇಟರ್ ಕೂಡ ಬೆರೆಸಿರುತ್ತಾರೆ, ಹಾಗಾಗಿ ಡೇಟಾ ಶೀಟ್ ಕೇಳಿ ಪಡೆಯಿರಿ. ಬಫರ್‌ನಲ್ಲಿ ಫಾಸ್ಫೇಟ್ ಇದೆಯಾ ಅಂತ ಮುಖ್ಯವಾಗಿ ನೋಡಿ, ಕಾರಣ ಮುಂದೆ ಹೇಳುತ್ತೇನೆ.

ನನಗೆ ಹೆಚ್ಚು ಇಷ್ಟ ಎರಡನೇ ದಾರಿ. ಪುಣೆ ಸುತ್ತಮುತ್ತ ಆಯಿಸ್ಟರ್ ಅಣಬೆ ಬೆಳೆಯುವವರು ಇದ್ದಾರೆ. ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಕಿತ್ತ ಮೇಲೆ ಉಳಿದ ಹುಲ್ಲಿನ ದಿಮ್ಮಿ ಅವರಿಗೆ ಕಸ. ಅದರಲ್ಲಿ ಲ್ಯಾಕೇಸ್ ಇರುತ್ತದೆ. ಕೇಳಿದರೆ ಸುಮ್ನೆ ಕೊಡುತ್ತಾರೆ. ಹಸಿರು ಬೂಷ್ಟು ಹಿಡಿದಿರದ, ಇನ್ನೂ ಬೆಳ್ಳಗಿರುವ ದಿಮ್ಮಿ ಆರಿಸಿ.

ನೂರು ಗ್ರಾಂ ಹುಲ್ಲನ್ನು ಕೈಯಲ್ಲಿ ಬಿಡಿಸಿ, 300 ಮಿಲಿ ತಣ್ಣಗಿನ ಸೋಡಿಯಂ ಅಸಿಟೇಟ್ ಬಫರ್‌ನಲ್ಲಿ ನೆನೆಸಿ. ಬಫರ್ 50 ಮಿಲಿಮೋಲಾರ್, ಪಿಎಚ್ 5. ಒಂದೆರಡು ಗಂಟೆ ತಣ್ಣಗೇ ಇಟ್ಟು ಆಗಾಗ ಕದಡಿ. ಮಸ್ಲಿನ್ ಬಟ್ಟೆಯಲ್ಲಿ ಹಿಂಡಿ, ಆಮೇಲೆ ಫಿಲ್ಟರ್ ಪೇಪರಿನಲ್ಲಿ ಸೋಸಿ. ಚಹಾ ಬಣ್ಣದ ನೀರು ಬರುತ್ತದೆ. ಅದೇ ನಿಮ್ಮ ಕಚ್ಚಾ ಕಿಣ್ವ. ಗಟ್ಟಿ ಮಾಡಬೇಕೆಂದರೆ ಅಮೋನಿಯಂ ಸಲ್ಫೇಟ್ ಹಾಕಿ ಪ್ರೋಟೀನು ಇಳಿಸುತ್ತಾರೆ, ಆದರೆ ಆಮೇಲೆ ಡಯಾಲಿಸಿಸ್ ಮಾಡಿ (ಉಪ್ಪು ದಾಟುವ, ಪ್ರೋಟೀನು ದಾಟದ ಪೊರೆಯ ಚೀಲದಲ್ಲಿಟ್ಟು) ಆ ಉಪ್ಪನ್ನು ಪೂರ್ತಿ ತೆಗೆಯಲೇಬೇಕು. ಉಳಿದ ಸಲ್ಫೇಟ್ ಮುಂದೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿ ಕಟ್ಟುತ್ತದೆ.

ಹಂತ 3: ಬಲ ಅಳೆಯಿರಿ

ಈ ಹಂತ ಬಿಟ್ಟವರ ಮುಂದಿನ ಲೆಕ್ಕವೆಲ್ಲ ಗಾಳಿಯಲ್ಲೇ. ಲ್ಯಾಕೇಸ್ ಅಳೆಯಲು ಎಬಿಟಿಎಸ್ ಅನ್ನುವ ವಸ್ತು ಬಳಸುತ್ತಾರೆ. ಕಿಣ್ವ ತಗುಲಿದ ಕೂಡಲೇ ಅದು ನೀಲಿ-ಹಸಿರಾಗುತ್ತದೆ. 420 ನ್ಯಾನೋಮೀಟರಿನಲ್ಲಿ ಓಡಿ (ಆಪ್ಟಿಕಲ್ ಡೆನ್ಸಿಟಿ, ದ್ರಾವಣ ಬೆಳಕನ್ನು ಎಷ್ಟು ಹೀರುತ್ತದೆ ಎಂಬ ಅಳತೆ) ಎಷ್ಟು ಬೇಗ ಏರುತ್ತದೆ ನೋಡಿ. ಲೆಕ್ಕಕ್ಕೆ ಬೇಕಾದ ಸಂಖ್ಯೆ 36,000, ಅದು ಆ ಬಣ್ಣದ ಮೋಲಾರ್ ಹೀರಿಕೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಕ್ಯುವೆಟ್‌ನಲ್ಲಿ ಒಟ್ಟು 3 ಮಿಲಿ ಇದೆ, ಅದರಲ್ಲಿ ಕಿಣ್ವ 0.1 ಮಿಲಿ. ಓಡಿ ನಿಮಿಷಕ್ಕೆ 0.36 ಏರಿತು ಅಂದುಕೊಳ್ಳಿ. 0.36 ಅನ್ನು 36ರಿಂದ (ಅದೇ 36,000, ಮಿಲಿಮೋಲಾರ್ ಲೆಕ್ಕದಲ್ಲಿ) ಭಾಗಿಸಿದರೆ ಮಿಲಿಗೆ 0.01 ಮೈಕ್ರೋಮೋಲ್. 3 ಮಿಲಿಗೆ 0.03. ಇಷ್ಟನ್ನು ಮಾಡಿದ್ದು 0.1 ಮಿಲಿ ಕಿಣ್ವ, ಹಾಗಾಗಿ ಮಿಲಿಗೆ 0.3 ಯೂನಿಟ್ (ನಿಮಿಷಕ್ಕೆ 1 ಮೈಕ್ರೋಮೋಲ್ ಬದಲಿಸುವ ಬಲಕ್ಕೆ ಒಂದು ಯೂನಿಟ್). ಅಷ್ಟೇ. ಎಬಿಟಿಎಸ್ ದುಬಾರಿ ಅನ್ನಿಸಿದರೆ ಗ್ವಾಯಕಾಲ್ ಬಳಸಬಹುದು, ಅದು ಕೆಂಪು-ಕಂದು ಬಣ್ಣಕ್ಕೆ ತಿರುಗುತ್ತದೆ.

ಹಂತ 4: ಮಣಿ ಮಾಡುವುದು

ಬೇಕಾದದ್ದು ಸೋಡಿಯಂ ಆಲ್ಜಿನೇಟ್, ಕ್ಯಾಲ್ಸಿಯಂ ಕ್ಲೋರೈಡ್, 5 ಮಿಲಿ ಸಿರಿಂಜ್, 22 ಗೇಜ್ ಸೂಜಿ. ಮುಂಬೈಯವರಿಗೆ ಪ್ರಿನ್ಸೆಸ್ ಸ್ಟ್ರೀಟ್ ಅಂಗಡಿಗಳಲ್ಲಿ ಇದೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ.

ಆಲ್ಜಿನೇಟ್ ಅಂದರೆ ಕಡಲ ಪಾಚಿಯಿಂದ ತೆಗೆದ ಪುಡಿ. ನೂರು ಮಿಲಿ ನೀರಿಗೆ 3 ಗ್ರಾಂ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟು ಬಿಡಿಸುವುದರೊಳಗೆ ಸಾಕುಸಾಕಾಗುತ್ತದೆ. ಮ್ಯಾಗ್ನೆಟಿಕ್ ಸ್ಟರರ್ ಜೋರಾಗಿ ತಿರುಗುತ್ತಿರುವಾಗ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಕರಗಿದ ಮೇಲೆ ಒಂದು ರಾತ್ರಿ ಬಿಡಿ, ಒಳಗಿನ ಗಾಳಿ ಗುಳ್ಳೆ ಹೋಗಬೇಕು. ಗುಳ್ಳೆ ಉಳಿದರೆ ಮಣಿ ತೇಲುತ್ತದೆ.

ಎರಡು ಪಾಲು ಆಲ್ಜಿನೇಟ್‌ಗೆ ಒಂದು ಪಾಲು ಕಿಣ್ವ ಬೆರೆಸಿ. ಈಗ ಆಲ್ಜಿನೇಟ್ 2 ಪರ್ಸೆಂಟ್‌ಗೆ ಬಂತು. ಬೀಕರಿನಲ್ಲಿ 2 ಪರ್ಸೆಂಟ್ ಕ್ಯಾಲ್ಸಿಯಂ ಕ್ಲೋರೈಡ್ ಇಟ್ಟು ನಿಧಾನವಾಗಿ ಕದಡುತ್ತಿರಿ. ಸಿರಿಂಜಿನಿಂದ ಒಂದು ಗೇಣು ಎತ್ತರದಿಂದ ಹನಿ ಹನಿಯಾಗಿ ಬಿಡಿ. ಹನಿ ನೀರು ಮುಟ್ಟಿದ ಕ್ಷಣವೇ ಅದರ ಮೈ ಗಟ್ಟಿಯಾಗುತ್ತದೆ. ತೀರಾ ಹತ್ತಿರದಿಂದ ಬಿಟ್ಟರೆ ಬಾಲ ಬರುತ್ತದೆ, ತೀರಾ ಎತ್ತರದಿಂದ ಬಿಟ್ಟರೆ ಚಪ್ಪಟೆಯಾಗುತ್ತದೆ. ನೆನೆಸಿದ ಸಾಬೂದಾನಿಯಷ್ಟು ದಪ್ಪ, ಅದೇ ತರಹ ಮಬ್ಬು ಬಿಳಿ, ಕಚ್ಚಾ ಕಿಣ್ವ ಹಾಕಿದ್ದರೆ ಸ್ವಲ್ಪ ಕಂದು. ಒಂದೆರಡು ಗಂಟೆ ಅಲ್ಲೇ ಬಿಡಿ. ಬೆರಳಲ್ಲಿ ಒತ್ತಿದರೆ ಪುಟಿಯಬೇಕು, ಒಡೆಯಬಾರದು.

ಈಗ ಫಾಸ್ಫೇಟ್ ವಿಷಯ. ಈ ಮಣಿಯನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ ಒಂದೇ. ಫಾಸ್ಫೇಟ್ ಬಫರ್, ಸಿಟ್ರೇಟ್ ಬಫರ್, ಇಡಿಟಿಎ, ಇವು ಮೂರೂ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತವೆ. ಲ್ಯಾಕೇಸ್ ಪೇಪರುಗಳಲ್ಲಿ ಸಿಟ್ರೇಟ್-ಫಾಸ್ಫೇಟ್ ಬಫರ್ ಅಂತ ಬಹಳ ಕಡೆ ಬರೆದಿರುತ್ತಾರೆ. ಬಿಡಿ ಕಿಣ್ವಕ್ಕೆ ಅದು ಸರಿ. ಆಲ್ಜಿನೇಟ್ ಮಣಿಯನ್ನು ಅದರಲ್ಲಿ ಹಾಕಿಟ್ಟರೆ ಮೊದಲು ಉಬ್ಬುತ್ತದೆ, ಆಮೇಲೆ ಲೋಳೆ ಲೋಳೆಯಾಗಿ ಕರಗಿಹೋಗುತ್ತದೆ. "ಸರ್, ರಾತ್ರಿ ಇಟ್ಟ ಮಣಿ ಬೆಳಿಗ್ಗೆ ಇಲ್ವೇ ಇಲ್ಲ" ಅಂತ ಹುಡುಗರು ಫೋನ್ ಮಾಡಿದರೆ ನಾನು ಕೇಳುವ ಮೊದಲ ಪ್ರಶ್ನೆ ಬಫರ್ ಯಾವುದು ಅಂತ. ಅಸಿಟೇಟ್ ಬಳಸಿ, ತೊಳೆಯುವ ನೀರಿಗೂ ಒಂದು ಚೂರು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ.

ಹಂತ 5: ಸೋರಿಕೆ ಹಿಡಿಯಿರಿ

ಆಲ್ಜಿನೇಟ್‌ನ ರಂಧ್ರಗಳು ದೊಡ್ಡವು. ಲ್ಯಾಕೇಸ್ ಮೆಲ್ಲಗೆ ಹೊರಗೆ ಜಾರುತ್ತದೆ. ಮಣಿ ಮಾಡಿದ ಕ್ಯಾಲ್ಸಿಯಂ ನೀರನ್ನೂ ತೊಳೆದ ನೀರನ್ನೂ ಚೆಲ್ಲಬೇಡಿ, ಎರಡರಲ್ಲೂ ಎಬಿಟಿಎಸ್ ಪರೀಕ್ಷೆ ಮಾಡಿ. ಹಾಕಿದ ಯೂನಿಟ್‌ಗಳಲ್ಲಿ ನೀರಿಗೆ ಹೋದದ್ದನ್ನು ಕಳೆದರೆ ಮಣಿಯಲ್ಲಿ ಉಳಿದದ್ದು ಎಷ್ಟು ಅಂತ ಗೊತ್ತಾಗುತ್ತದೆ. ಮಣಿಗಳನ್ನೇ ನೇರವಾಗಿ ಪರೀಕ್ಷಿಸಿದರೆ ಇದಕ್ಕಿಂತ ಕಡಿಮೆ ಬರುತ್ತದೆ. ಒಳಗಿನ ಕಿಣ್ವದವರೆಗೆ ವಸ್ತು ಇಳಿದುಹೋಗಲು ಹೊತ್ತು ಬೇಕಲ್ವಾ, ಅದಕ್ಕೆ. ಎರಡೂ ಸಂಖ್ಯೆ ಬರೆದಿಡಿ.

ಸೋರಿಕೆ ಜಾಸ್ತಿ ಇದ್ದರೆ ಮದ್ದು ಇದೆ. ಕಿಣ್ವವನ್ನು ಮೊದಲು ಗುಂಪು ಗುಂಪಾಗಿ ಕಟ್ಟಿ, ಆ ಗುಂಪನ್ನು ಮಣಿಯೊಳಗೆ ಹಾಕುವುದು. ಪ್ರೋಟೀನನ್ನು ಇಳಿಸಿ ಗ್ಲುಟರಾಲ್ಡಿಹೈಡ್‌ನಿಂದ ಒಂದಕ್ಕೊಂದು ಬೆಸೆಯುತ್ತಾರೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ರೋಜರ್ ಶೆಲ್ಡನ್ ತಂಡ ಈ ವಿಧಾನವನ್ನು ಬೆಳೆಸಿತು, ಮುಂಬೈ ಮಾಟುಂಗಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಐಸಿಟಿಯಲ್ಲೂ ಇದರ ಮೇಲೆ ಕೆಲಸ ನಡೆದಿದೆ. ಆದರೆ ಗ್ಲುಟರಾಲ್ಡಿಹೈಡ್ ಕಣ್ಣು, ಚರ್ಮ, ಶ್ವಾಸಕೋಶಕ್ಕೆ ಕೆಟ್ಟದ್ದು. ಫ್ಯೂಮ್ ಹುಡ್ (ವಿಷಗಾಳಿ ಹೊರಗೆಳೆಯುವ ಗೂಡು) ಇಲ್ಲದ ಕಡೆ ಅದರ ಬಾಟಲಿ ತೆರೆಯಲೇಬೇಡಿ.

ಹಂತ 6: ಮೂರು ಫ್ಲಾಸ್ಕು, ಒಂದೂ ಬಿಡುವಂತಿಲ್ಲ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಹೊತ್ತಿದ್ದರೆ ಇದನ್ನು ಓದಿ.

ಬಣ್ಣವನ್ನು ಲೀಟರಿಗೆ 50 ಮಿಲಿಗ್ರಾಂ ಲೆಕ್ಕದಲ್ಲಿ ಪಿಎಚ್ 5ರ ಅಸಿಟೇಟ್ ಬಫರ್‌ನಲ್ಲಿ ಕರಗಿಸಿ, ಮೂರು ಫ್ಲಾಸ್ಕಿಗೆ ನೂರು ನೂರು ಮಿಲಿ ಹಾಕಿ. ಮೊದಲನೆಯದಕ್ಕೆ ಜೀವಂತ ಕಿಣ್ವದ ಮಣಿ 10 ಗ್ರಾಂ. ಎರಡನೆಯದಕ್ಕೆ ಸತ್ತ ಕಿಣ್ವದ ಮಣಿ 10 ಗ್ರಾಂ, ಅಂದರೆ ಅದೇ ಕಿಣ್ವವನ್ನು ಹದಿನೈದು ನಿಮಿಷ ಕುದಿಸಿ, ಎಬಿಟಿಎಸ್‌ನಲ್ಲಿ ಸೊನ್ನೆ ಬಂದಿದೆ ಅಂತ ನೋಡಿ, ಆಮೇಲೆ ಅದರಿಂದ ಮಾಡಿದ ಮಣಿ. ಮೂರನೆಯದಕ್ಕೆ ಏನೂ ಇಲ್ಲ. ಮೂರನ್ನೂ 30 ಡಿಗ್ರಿಯಲ್ಲಿ ಶೇಕರ್ ಮೇಲೆ ಇಡಿ. ಗಂಟೆಗೊಮ್ಮೆ ಸ್ವಲ್ಪ ತೆಗೆದು 595 ನ್ಯಾನೋಮೀಟರ್ ಹತ್ತಿರ ಓಡಿ ನೋಡಿ.

ಬಹಳ ಸಲ ಎರಡನೇ ಫ್ಲಾಸ್ಕಿನಲ್ಲೂ ಬಣ್ಣ ಇಳಿಯುತ್ತದೆ. ಕಚ್ಚಾ ಕಿಣ್ವದ ಜೊತೆ ಬಂದ ಪ್ರೋಟೀನು, ಹುಲ್ಲಿನ ಕಸರು ಬಣ್ಣವನ್ನು ಹೀರಿಕೊಳ್ಳುತ್ತವೆ. ಅದು ಒಡೆಯುವುದಲ್ಲ, ಬರೀ ಅಂಟಿಕೊಳ್ಳುವುದು. ಉದಾಹರಣೆಗೆ ಮೊದಲನೆಯದರಲ್ಲಿ 80 ಪರ್ಸೆಂಟ್ ಇಳಿದು ಎರಡನೆಯದರಲ್ಲಿ 30 ಇಳಿದರೆ, ಕಿಣ್ವದ ಲೆಕ್ಕಕ್ಕೆ ಹೋಗುವುದು ಸುಮಾರು 50. ವರದಿಯಲ್ಲಿ 80 ಅಂತ ಬರೆದರೆ ಅದು ಸುಳ್ಳು.

ಇದನ್ನು ಕಣ್ಣಲ್ಲೂ ನೋಡಬಹುದು. ಎರಡೂ ಫ್ಲಾಸ್ಕಿನಿಂದ ಒಂದೊಂದು ಮಣಿ ತೆಗೆದು ಬಿಳಿ ಟೈಲ್ ಮೇಲಿಟ್ಟು ಶೇವಿಂಗ್ ಬ್ಲೇಡಿನಿಂದ ಎರಡು ಹೋಳು ಮಾಡಿ. ಸತ್ತ ಕಿಣ್ವದ ಮಣಿಯಲ್ಲಿ ಅಂಚಿನಿಂದ ಒಳಕ್ಕೆ ನೀಲಿ ಬಳೆ ಕಾಣುತ್ತದೆ, ಹೊತ್ತು ಕಳೆದಂತೆ ಆ ಬಳೆ ನಡುವಿನವರೆಗೆ ಹೋಗುತ್ತದೆ. ಜೀವಂತ ಮಣಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ನೀಲಿ ಕಡಿಮೆ, ಮಾಸಲು ಕಂದು ಜಾಸ್ತಿ. ಅದೂ ಕಡು ನೀಲಿಯಾಗಿದ್ದರೆ ನಿಮ್ಮ ಕಿಣ್ವ ಮಲಗಿದೆ, ಮಣಿ ಬರೀ ಸ್ಪಂಜಿನ ಕೆಲಸ ಮಾಡುತ್ತಿದೆ.

ಭಿವಂಡಿಯ ಒಂದು ಡೈಯಿಂಗ್ ಘಟಕದಲ್ಲಿ ಕೆಲಸ ಮಾಡುವ ವಿಜಯಪುರ ಕಡೆಯ ಸೂಪರ್‌ವೈಸರ್ ಒಬ್ಬರು ಇದನ್ನು ನೋಡಿ ಕೇಳಿದರು, "ನೀರು ತಿಳಿ ಆತಲ್ರಿ ಸರ, ಇನ್ನೇನ್ ಬೇಕ್ರಿ?" ನಾನು ಹೋಳು ಮಾಡಿದ ಮಣಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಹಂಗಾರ ಈ ಮಣಿ ಎಲ್ಲಿ ಒಗೀತೀರಿ?" ಅಂದರು. ಅದೇ ಸರಿಯಾದ ಪ್ರಶ್ನೆ. ಉತ್ತರ ಕೊನೆಯ ಹಂತದಲ್ಲಿದೆ.

ಹಂತ 7: ಹೆಸರುಕಾಳಿನ ಪರೀಕ್ಷೆ

ಬಣ್ಣ ಒಡೆದ ಮೇಲೆ ಹುಟ್ಟಿದ ತುಂಡುಗಳು ಮೂಲ ಬಣ್ಣಕ್ಕಿಂತ ಕೆಟ್ಟವಾ, ಒಳ್ಳೆಯವಾ? ಅಜೋ ಬಣ್ಣಗಳನ್ನು ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ಒಡೆದಾಗ ಆರೋಮ್ಯಾಟಿಕ್ ಅಮೀನುಗಳು ಹುಟ್ಟುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ನೀರು ಮಾತ್ರ ತಿಳಿಯಾಗಿರುತ್ತದೆ. ಲ್ಯಾಕೇಸ್ ಬೇರೆ ರೀತಿಯಲ್ಲಿ ಒಡೆಯುವುದರಿಂದ ಸಾಮಾನ್ಯವಾಗಿ ಆ ಕಾಟ ಕಡಿಮೆ, ಆದರೂ ಪರೀಕ್ಷೆ ಮಾಡದೆ ಹೇಳುವಂತಿಲ್ಲ.

ದೊಡ್ಡ ಉಪಕರಣ ಇಲ್ಲದಿದ್ದರೆ ಹೆಸರುಕಾಳು ತಗೊಳ್ಳಿ. ಪೆಟ್ರಿ ತಟ್ಟೆಯಲ್ಲಿ ಫಿಲ್ಟರ್ ಪೇಪರ್, ಮೇಲೆ ಇಪ್ಪತ್ತು ಕಾಳು, 5 ಮಿಲಿ ನೀರು. ಒಂದೊಂದು ನೀರಿಗೂ ಮೂರು ಮೂರು ತಟ್ಟೆ. ಮೂರು ದಿನ ಕತ್ತಲಲ್ಲಿಟ್ಟು ಎಷ್ಟು ಮೊಳೆತವು, ಬೇರು ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ. ಹಾಕಬೇಕಾದ ನೀರುಗಳು: ಬರೀ ನೀರು, ಬಣ್ಣದ ನೀರು, ಶುದ್ಧ ಮಾಡಿದ ನೀರು, ಮತ್ತು ಬಣ್ಣವೇ ಇಲ್ಲದ ಬಫರ್ ಹಾಗೂ ಕ್ಯಾಲ್ಸಿಯಂ ಇರುವ ನೀರು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅಸಿಟೇಟ್ ಮತ್ತು ಉಪ್ಪೇ ಬೇರನ್ನು ಕುಗ್ಗಿಸಬಹುದು, ಆ ತಪ್ಪನ್ನು ಬಣ್ಣದ ತಲೆಗೆ ಕಟ್ಟಬಾರದು. ಎಲ್ಲವನ್ನೂ ಪಿಎಚ್ 7ಕ್ಕೆ ತಂದು ಹಾಕಿ. ಬೇರಿನ ಅಳತೆ ಮೊಳಕೆಯ ಎಣಿಕೆಗಿಂತ ಸೂಕ್ಷ್ಮ, ಹಾಗಾಗಿ ಅದನ್ನು ನಂಬಿ. ಸಾಧ್ಯವಾದರೆ ಸಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ) ಕೂಡ ಮಾಡಿಸಿ. ಬಣ್ಣ ಪೂರ್ತಿ ಹೋದರೂ ಸಿಒಡಿ ಇಳಿಯದೆ ಇರುವುದು ಸಾಮಾನ್ಯ, ತುಂಡುಗಳು ನೀರಿನಲ್ಲೇ ಇರುತ್ತವೆ ಅಂತ ಅರ್ಥ.

ಹಂತ 8: ನಿಜವಾದ ಎಫ್ಲುಯೆಂಟ್ ತಂದಾಗ

ಇಲ್ಲಿ ಬಹಳ ಜನ ಎದೆಗುಂದುತ್ತಾರೆ. ಲ್ಯಾಬಿನ ಬಣ್ಣ ಚೆನ್ನಾಗಿ ಹೋಗಿತ್ತು, ಕಾರ್ಖಾನೆಯದು ಅಲುಗುವುದೇ ಇಲ್ಲ.

ಕಾರಣ ಹುಡುಕುವುದು ಸುಲಭ. ರಿಆ್ಯಕ್ಟಿವ್ ಡೈ ಬಾತ್‌ನ ಪಿಎಚ್ 10, 11 ಇರುತ್ತದೆ. ಶಿಲೀಂಧ್ರದ ಲ್ಯಾಕೇಸ್‌ಗೆ 4ರಿಂದ 5 ಹಿತ. ಮೊದಲು ಆಮ್ಲ ಹಾಕಿ ಇಳಿಸಬೇಕು. ಎರಡನೆಯದು ಉಪ್ಪು. ಬಟ್ಟೆಗೆ ಬಣ್ಣ ಹಿಡಿಯಲೆಂದು ಉಪ್ಪನ್ನು ಧಾರಾಳವಾಗಿ ಹಾಕುತ್ತಾರೆ. ಅದರ ಕ್ಲೋರೈಡ್ ಲ್ಯಾಕೇಸ್‌ನ ತಾಮ್ರದ ಹತ್ತಿರ ಅಡ್ಡ ಕೂರುತ್ತದೆ, ಸೋಡಿಯಂ ಮಣಿಯ ಕ್ಯಾಲ್ಸಿಯಂ ಜಾಗ ಹಿಡಿದು ಮಣಿಯನ್ನು ಮೆತ್ತಗೆ ಮಾಡುತ್ತದೆ. ಒಂದೇ ಉಪ್ಪಿನಿಂದ ಎರಡು ಏಟು. ಹಾಗಾಗಿ ಡೈ ಬಾತ್ ನೀರಿಗಿಂತ ಆಮೇಲಿನ ತೊಳೆದ ನೀರಿನಿಂದ ಶುರು ಮಾಡಿ, ಅದರಲ್ಲಿ ಉಪ್ಪು ಕಡಿಮೆ. ಫಾಸ್ಫೇಟ್ ಇರುವ ಡಿಟರ್ಜೆಂಟ್ ಬಳಸುತ್ತಾರಾ ಅಂತಲೂ ಕೇಳಿ.

ಉಪ್ಪಿನ ವಿಷಯದಲ್ಲಿ ಗೋವಾದ ಕೆಲಸ ನನಗೆ ಬಹಳ ಭರವಸೆ ಕೊಡುತ್ತದೆ. ದೋನಾ ಪಾವ್ಲಾದ ಸಾಗರ ವಿಜ್ಞಾನ ಸಂಸ್ಥೆ ಎನ್‌ಐಒದವರು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೊಳೆತ ಕಟ್ಟಿಗೆಯಂಥ ಜಾಗಗಳಿಂದ ಶಿಲೀಂಧ್ರ ತೆಗೆದು, ಅವು ಕಡಲ ನೀರಿನಲ್ಲೇ ಲ್ಯಾಕೇಸ್ ತಯಾರಿಸುವುದನ್ನೂ ಬಟ್ಟೆ, ಕಾಗದ, ಡಿಸ್ಟಿಲರಿ ಘಟಕಗಳ ನೀರಿನ ಬಣ್ಣ ಇಳಿಸುವುದನ್ನೂ ತೋರಿಸಿದ್ದಾರೆ. ಉಪ್ಪಿನಲ್ಲೇ ಬದುಕುವ ಶಿಲೀಂಧ್ರದ ಕಿಣ್ವಕ್ಕೆ ಉಪ್ಪಿನ ಭಯ ಕಡಿಮೆ. ಗೋವಾದಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಚೋಡಣ, ಮಾಂಡೋವಿ ದಡದ ಕಾಂಡ್ಲಾ ನೋಡುತ್ತಲೇ ಬೆಳೆದಿರುತ್ತಾರೆ. ಪ್ರಾಜೆಕ್ಟ್ ಹುಡುಕುತ್ತಿದ್ದರೆ ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಕಾಂಡ್ಲಾ ಕಾಡಿನಿಂದ ಏನಾದರೂ ತರುವ ಮುನ್ನ ಕಾಲೇಜಿನ ಮೂಲಕ ಅರಣ್ಯ ಇಲಾಖೆಯ ಅನುಮತಿ ಮಾತ್ರ ತಗೊಳ್ಳಿ.

ಹಂತ 9: ಕಾಲಮ್

ಫ್ಲಾಸ್ಕಿನಿಂದ ಕಾಲಮ್‌ಗೆ ಹೋಗುವಾಗ ಲೆಕ್ಕ ಸರಳ. ನೂರು ಮಿಲಿ ಜಾಗದಲ್ಲಿ ಮಣಿ ತುಂಬಿದರೆ ನಡುವೆ ಸುಮಾರು 40 ಮಿಲಿ ಸಂದು ಇರುತ್ತದೆ. ನಿಮಿಷಕ್ಕೆ 1 ಮಿಲಿ ಬಿಟ್ಟರೆ ನೀರು 40 ನಿಮಿಷ ಒಳಗಿರುತ್ತದೆ. ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ, ಮಣಿ ಅದುಮಿ ಹೋಗುವುದಿಲ್ಲ. ಮೊದಲೇ ಸೋಸಿದ ನೀರನ್ನೇ ಬಿಡಿ. ಲ್ಯಾಕೇಸ್‌ಗೆ ಆಮ್ಲಜನಕ ಬೇಕು ಅನ್ನುವುದನ್ನು ಮರೆಯಬೇಡಿ, ಉದ್ದದ ಕಾಲಮ್‌ನಲ್ಲಿ ಮೇಲ್ಭಾಗಕ್ಕೆ ಹೋಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಒಳಗೆ ಬಿಡುವ ನೀರಿಗೆ ಅಕ್ವೇರಿಯಂ ಪಂಪಿನಿಂದ ಗಾಳಿ ಊದಿ.

ಕೆಲಸ ಇಲ್ಲದಾಗ ಮಣಿಗಳನ್ನು ಅಸಿಟೇಟ್ ಬಫರ್ ಮತ್ತು ಚೂರು ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ 4 ಡಿಗ್ರಿಯಲ್ಲಿಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದ ಮಣಿ ಒಡೆಯುತ್ತದೆ. ಮುಂಬೈ ಮಳೆಗಾಲದಲ್ಲಿ ಹೊರಗಿಟ್ಟರೆ ಬೂಷ್ಟು ಗ್ಯಾರಂಟಿ. ಅದನ್ನು ತಡೆಯಲು ಲ್ಯಾಬುಗಳಲ್ಲಿ ಸೋಡಿಯಂ ಅಜೈಡ್ ಹಾಕುವ ರೂಢಿ ಇದೆ. ಇಲ್ಲಿ ಹಾಕಲೇಬೇಡಿ. ಅಜೈಡ್ ನಮಗೂ ಘೋರ ವಿಷ, ಲ್ಯಾಕೇಸ್‌ಗಂತೂ ಅದೇ ಶತ್ರು.

ಫೀನಾಲ್ ಮತ್ತು ಕೀಟನಾಶಕದ ವಿಚಾರ

ಫೀನಾಲ್‌ಗೆ ಪೆರಾಕ್ಸಿಡೇಸ್ ದಾರಿ ಇದೆ. ಅಮೆರಿಕದಲ್ಲಿ ಅಲೆಕ್ಸಾಂಡರ್ ಕ್ಲಿಬನೋವ್ 1980ರ ದಶಕದ ಶುರುವಿನಲ್ಲಿ ಹಾರ್ಸ್‌ರ್‍ಯಾಡಿಶ್ ಗೆಡ್ಡೆಯ ಪೆರಾಕ್ಸಿಡೇಸ್‌ನಿಂದ ತ್ಯಾಜ್ಯ ನೀರಿನ ಫೀನಾಲನ್ನು ಗಸಿಯಾಗಿ ಇಳಿಸಿ ತೋರಿಸಿದರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಹಾಗಲಕಾಯಿಯ ಪೆರಾಕ್ಸಿಡೇಸ್ ಹಿಡಿದಿಟ್ಟು ಬಣ್ಣಗಳ ಮೇಲೆ ಪ್ರಯೋಗಿಸಿದ್ದಾರೆ. ಹೈಡ್ರೋಜನ್ ಪೆರಾಕ್ಸೈಡ್ ಒಮ್ಮೆಲೇ ಸುರಿದರೆ ಕಿಣ್ವವೇ ಸಾಯುತ್ತದೆ, ಸ್ವಲ್ಪ ಸ್ವಲ್ಪವೇ ಹಾಕಬೇಕು. ಇಳಿದ ಗಸಿ ಮಣಿಯ ಮೈ ಮುಚ್ಚಿಬಿಡುತ್ತದೆ, ಇದೇ ಇದರ ದೊಡ್ಡ ಕಾಟ.

ಕೀಟನಾಶಕದ ಕಥೆಯಲ್ಲಿ ಭಾರತೀಯರೊಬ್ಬರ ಹೆಸರು ಮೊದಲಿಗೇ ಬರುತ್ತದೆ. 1973ರಲ್ಲಿ ಎನ್. ಸೇತುನಾಥನ್ ಮತ್ತು ಟಿ. ಯೋಶಿದಾ ಫಿಲಿಪ್ಪೀನ್ಸ್‌ನ ಭತ್ತದ ಗದ್ದೆಯಿಂದ ಡಯಾಜಿನಾನ್, ಪ್ಯಾರಾಥಿಯಾನ್ ಒಡೆಯುವ ಫ್ಲೇವೋಬ್ಯಾಕ್ಟೀರಿಯಂ ತೆಗೆದು ವರದಿ ಮಾಡಿದರು. ಓಪಿಎಚ್ ಕಿಣ್ವದ ಕೆಲಸ ಬಹುಮಟ್ಟಿಗೆ ಅಂಥ ಬ್ಯಾಕ್ಟೀರಿಯಾಗಳಿಂದಲೇ ಬೆಳೆಯಿತು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಯಲ್ಲಿ ಇದೇ ಜಾತಿಯ ಬ್ಯಾಕ್ಟೀರಿಯಾವನ್ನು ಗಾಜಿನ ನಾರಿನ ಫಿಲ್ಟರ್ ಮೇಲೆ ಹಿಡಿದಿಟ್ಟು ಮಿಥೈಲ್ ಪ್ಯಾರಾಥಿಯಾನ್ ಪತ್ತೆ ಮಾಡುವ ಸೆನ್ಸರ್ ಮಾಡಿದ್ದರು. ವಿಷ ಒಡೆದಾಗ ಹಳದಿ ನೈಟ್ರೋಫೀನಾಲ್ ಬರುತ್ತದೆ, ಆ ಹಳದಿಯನ್ನು ಅಳೆಯುವುದು. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧನಾ ಸಂಸ್ಥೆ ಬೆಳೆಸಿದ ಇಂಥದ್ದೇ ಕಿಣ್ವ ಲ್ಯಾಂಡ್‌ಗಾರ್ಡ್ ಎಂಬ ಹೆಸರಲ್ಲಿ ಮಾರುಕಟ್ಟೆಗೂ ಬಂತು.

ಇಲ್ಲೂ ಅದೇ ಎಚ್ಚರ. ಹಳದಿ ಬಂತು ಅಂದರೆ ಪ್ಯಾರಾಥಿಯಾನ್ ಒಡೆಯಿತು ಅನ್ನುವುದು ನಿಜ, ಆದರೆ ನೈಟ್ರೋಫೀನಾಲ್ ಕೂಡ ವಿಷವೇ. ಕ್ಲೋರ್‌ಪೈರಿಫಾಸ್ ಮೇಲೆ ಓಪಿಎಚ್ ನಿಧಾನ, ಒಡೆದ ಮೇಲೆ ಬರುವ ಟಿಸಿಪಿ ಅನ್ನುವ ತುಂಡು ನೀರಿನಲ್ಲಿ ಹೆಚ್ಚು ಕರಗಿ ದೂರ ಹರಿಯುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಹಿಂದೆಯೇ ಇರಬೇಕು. ಮಿಥೈಲ್ ಪ್ಯಾರಾಥಿಯಾನ್‌ಗೆ ನಮ್ಮ ದೇಶದಲ್ಲಿ 2018ರಲ್ಲೇ ನಿಷೇಧ ಬಂದಿದೆ. ಈ ಜಾತಿಯ ಯಾವುದನ್ನೂ ಮನೆಯಲ್ಲಾಗಲಿ ಸಾಮಾನ್ಯ ಕಾಲೇಜು ಲ್ಯಾಬಿನಲ್ಲಾಗಲಿ ತೆರೆಯಬೇಡಿ, ಚರ್ಮದಿಂದಲೇ ದೇಹಕ್ಕೆ ಇಳಿಯುತ್ತದೆ. ಪುಣೆ ಬಳಿಯ ಮಾಂಜರಿಯ ದ್ರಾಕ್ಷಿ ಸಂಶೋಧನಾ ಕೇಂದ್ರದಂತೆ ಉಳಿಕೆ ಅಳೆಯುವ ವ್ಯವಸ್ಥೆ ಇರುವ ಕಡೆ, ಮಾರ್ಗದರ್ಶಕರ ಎದುರು ಮಾತ್ರ ಮಾಡುವ ಕೆಲಸ ಇದು. ಮನೆಯ ತರಕಾರಿಗೆ ಈ ಮಣಿ ಹಾಕಬಹುದಾ ಅಂತ ಅಕ್ಕಂದಿರು ಕೇಳುತ್ತಾರೆ. ಬೇಡ. ನಲ್ಲಿಯ ಕೆಳಗೆ ಉಜ್ಜಿ ತೊಳೆಯಿರಿ, ಸಿಪ್ಪೆ ತೆಗೆಯಬಹುದಾದದ್ದನ್ನು ತೆಗೆಯಿರಿ.

ಕೊನೆಯ ಹಂತ: ಹಳೆಯ ಮಣಿ ಎಲ್ಲಿಗೆ?

ಪ್ರತಿ ಬಳಕೆಯ ನಂತರ ಮಣಿಯ ಬಲ ಅಳೆದು ಬರೆದಿಡಿ. ಶುರುವಿನ ಅರ್ಧಕ್ಕೆ ಇಳಿದಾಗ ಬದಲಾಯಿಸಿ.

ತೆಗೆದ ಮಣಿಯಲ್ಲಿ ಬಣ್ಣ ಇದೆ, ಒಡೆದ ತುಂಡುಗಳಿವೆ, ಎಫ್ಲುಯೆಂಟ್‌ನಿಂದ ಬಂದ ಲೋಹವೂ ಇರಬಹುದು, ಯಾಕೆಂದರೆ ಆಲ್ಜಿನೇಟ್ ತಾಮ್ರ, ಸೀಸವನ್ನು ಚೆನ್ನಾಗಿ ಹಿಡಿಯುತ್ತದೆ. ಜೈವಿಕ ವಸ್ತು ಅಂತ ಕುಂಡಕ್ಕೆ, ಗೊಬ್ಬರದ ಗುಂಡಿಗೆ ಹಾಕಬೇಡಿ. ಚರಂಡಿಗೂ ಬೇಡ. ಬಿಸಿಲಿನಲ್ಲಿ ಒಣಗಿಸಿದರೆ ಸಾಸಿವೆಯಷ್ಟಾಗುತ್ತವೆ, ಆಮೇಲೆ ಚೀಲಕ್ಕೆ ಹಾಕಿ ಚೀಟಿ ಅಂಟಿಸಿ. ಕಾರ್ಖಾನೆಯಾದರೆ ಇಟಿಪಿ ಸ್ಲಡ್ಜ್ ಜೊತೆಗೇ ತಳೋಜಾ ಅಥವಾ ರಾಂಜಣಗಾಂವ್‌ನ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ, ಲೆಕ್ಕದ ಕಾಗದದ ಸಮೇತ. ಕಾಲೇಜಾದರೆ ಲ್ಯಾಬಿನ ಕೆಮಿಕಲ್ ತ್ಯಾಜ್ಯದ ಡಬ್ಬಿಗೆ. ಶುದ್ಧವಾದ ನೀರನ್ನೂ ನೇರ ಹೊರಗೆ ಬಿಡುವಂತಿಲ್ಲ, ಅದು ಇಟಿಪಿ, ಸಿಇಟಿಪಿ (ಹಲವು ಕಾರ್ಖಾನೆಗಳ ಸಾಮೂಹಿಕ ಇಟಿಪಿ) ದಾರಿಯಲ್ಲೇ ಹೋಗಬೇಕು. ಘಟಕದಲ್ಲಿ ಕಾಲಮ್ ಕೂರಿಸುವ ಯೋಚನೆ ಇದ್ದರೆ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಎಂಪಿಸಿಬಿಯ ಕನ್ಸೆಂಟ್‌ನಲ್ಲಿ ಅದನ್ನು ಸೇರಿಸಿಕೊಂಡು ಆಮೇಲೆ ಪೈಪ್ ಜೋಡಿಸಿ.